ಆ ಮೂವರಲ್ಲಿ ನಾನೂ ಒಬ್ಬ

ಹಾಲ್ ಬೊರ್ದಿನ್, ಮಾಲ್ಟಾ
23 ನವೆಂಬರ್ 1991

ಪ್ರೀತಿಯ ಲುಡ್ಗಾರ್ದಾ ಅತ್ತೆಗೆ,

ತೀರ್ಪು ಬಂತು. ಫೋನು ಇರುವುದು ಪಕ್ಕದ ಚೆಟ್ಟಾಳ ಮನೆಯಲ್ಲಿ. ಅವಳು ಕೇಳಿಸಿಕೊಳ್ಳುತ್ತಿರುವಾಗ ಇದನ್ನು ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನನ್ನು ಕೊಂದ ಆರೋಪದಿಂದ ಕಲ್ಲುಕ್ವಾರಿಯ ಸ್ಪಿರುವನ್ನು ಬಿಟ್ಟುಬಿಟ್ಟರು. ಒಂಬತ್ತು ಜನ ಜ್ಯೂರಿಯಲ್ಲಿ ಆರು ಮಂದಿ ನಿರಪರಾಧಿ ಎಂದರು, ಮೂವರು ಅಪರಾಧಿ ಎಂದರು. ನಮ್ಮ ಕೋರ್ಟಿನಲ್ಲಿ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ, ಹೆಸರುಗಳನ್ನು ಓದುವುದಿಲ್ಲ. ನಿಮಗೆ ನೆನಪಿರಬಹುದು.

ನಾನು ಹೇಳಿದ್ದು ಇಷ್ಟೇ. ಬೆಳಿಗ್ಗೆ ಅಪ್ಪನಿಗೆ ಕಾಫಿ ತೆಗೆದುಕೊಂಡು ಹೊಲದ ಓಣಿಯಲ್ಲಿ ಹೋಗುತ್ತಿದ್ದೆ. ಸ್ಪಿರು ಕಲ್ಲುಗೋಡೆಯ ಮೇಲೆ ನಿಂತಿದ್ದ. ಬಂದೂಕನ್ನು ಭುಜಕ್ಕೆ ಏರಿಸಿದ, ಗುರಿ ಹಿಡಿದ, ಹೊಡೆದ. ಅವನ ಕ್ವಾರಿ ನಮ್ಮ ಹೊಲವನ್ನು ತಿನ್ನುತ್ತಿದೆ ಎಂದು ಅಪ್ಪ ದೂರು ಕೊಟ್ಟ ಮರುವಾರ ಅದು. ಸ್ಪಿರು ಹೇಳಿದ್ದು, ಬೆಳವದ ಹಕ್ಕಿ ಹೊಡೆಯಲು ಬಂದಿದ್ದೆ, ಗೋಡೆ ಇಳಿಯುವಾಗ ಎಡವಿದೆ, ಬಂದೂಕು ತಾನಾಗಿ ಹಾರಿತು ಎಂದು. ಅವನ ವಕೀಲ ನನ್ನನ್ನು ಒಂದೇ ವಿಷಯ ಕೇಳಿದ: "ಸೂರ್ಯ ನಿಮ್ಮ ಕಣ್ಣಿಗೆ ನೇರ ಹೊಡೀತಿರಲಿಲ್ವಾ?" ಇಲ್ಲ ಎಂದೆ. ಎಡಗಡೆ, ಇಗರ್ಜಿಯ ಗುಮ್ಮಟದ ಹಿಂದೆ ಇತ್ತು ಎಂದೆ. "ಸರಿ, ಜ್ಯೂರಿಯವರೇ ಹೋಗಿ ನೋಡ್ಲಿ," ಎಂದ. ಒಂದು ಬೆಳಿಗ್ಗೆ ಅವರನ್ನೆಲ್ಲ ಬಸ್ಸಿನಲ್ಲಿ ಕರೆದುಕೊಂಡು ಹೋದರು. ನನ್ನನ್ನು ಕರೆಯಲಿಲ್ಲ. ವಾಪಸು ಬಂದು ಕೂತಾಗ ಅವರಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ದಾರಿಯಲ್ಲಿ ಅವರಿಗೆ ಏನಾಯಿತೋ, ಯಾರು ಏನು ತಿನ್ನಿಸಿದರೋ ನನಗೆ ತಿಳಿಯದು.

ನಾನು ಬಸ್ಸಿಳಿಯುವ ಹೊತ್ತಿಗೆ ಊರಲ್ಲಿ ಗರ್ನಾಲು ಹಾರಿಸುತ್ತಿದ್ದರು. ಸ್ಪಿರು ಕೆಂಪು ಕ್ಲಬ್ಬಿಗೆ ಎದುರಾಳಿಯಾದ ನೀಲಿ ಬ್ಯಾಂಡ್ ಕ್ಲಬ್ಬಿನ ಅಧ್ಯಕ್ಷ, ಆದ್ದರಿಂದ ಸಂತನ ಹಬ್ಬಕ್ಕೆಂದು ಎತ್ತಿಟ್ಟಿದ್ದ ಮದ್ದನ್ನು ಅವನಿಗಾಗಿ ಸುಟ್ಟರು. ಕಾರುಗಳಲ್ಲಿ ಸಾಲುಗಟ್ಟಿ, ಕಾರಿನ ಬಾಗಿಲು ತಟ್ಟುತ್ತ, ಹಾರ್ನ್ ಹೊಡೆಯುತ್ತ ಹೋದರು. ಬ್ಯಾಂಡಿನ ಮೆರವಣಿಗೆ ಎಂದೂ ನಮ್ಮ ಬೀದಿಗೆ ಬಂದದ್ದಿಲ್ಲ. ಅವತ್ತು ಬಂತು. ನಮ್ಮ ಬಾಗಿಲ ಮುಂದೆ ನಿಂತು ಒಂದು ಇಡೀ ಹಾಡು ನುಡಿಸಿ ಹೋಯಿತು. ನೀಲಿ ಕಾಗದದ ಚೂರುಗಳನ್ನು ಇವತ್ತೂ ಗುಡಿಸುತ್ತಿದ್ದೇನೆ.

ಅತ್ತೆ, ನಾನು ಆರು ಜನರ ಬಗ್ಗೆ ಯೋಚಿಸುತ್ತಿಲ್ಲ. ನನಗೆ ಬೇಕಾದದ್ದು ಆ ಮೂವರು. ಈ ದ್ವೀಪದಲ್ಲಿ ನನ್ನ ಮಾತನ್ನು ನಂಬಿದವರು ಮೂವರು ಇದ್ದಾರೆ. ಅವರು ಯಾರೆಂದು ತಿಳಿದರೆ ಇಲ್ಲಿ ಬದುಕಬಲ್ಲೆ.

ನಿಮ್ಮ
ಫಿಲೊಮೆನಾ


ಮೆಲ್ಬರ್ನ್
14 ಡಿಸೆಂಬರ್ 1991

ನನ್ನ ಬಂಗಾರದ ಫಿಲೊಮೆನಾ,

ನಿನ್ನ ಕಾಗದ ಬರುವ ಮೊದಲೇ ಇಲ್ಲಿಯ ಕ್ಲಬ್ಬಿಗೆ ಸುದ್ದಿ ಬಂದಿತ್ತು. ನಿನ್ನ ಗ್ರೆಟ್ಸು ಮಾವ ಇಲ್ಲಿನ ನೀಲಿಯವರ ಕಾರ್ಯದರ್ಶಿಯಲ್ಲವೇ, ಮೊದಲು ಅವರಿಗೇ ಫೋನು ಬರುವುದು. ಕೇಳಿಸಿಕೊಂಡು ಅವರು ಟೋಪಿ ಹಾಕಿಕೊಂಡು ಹೊರಗೆ ಹೋದರು. ನಾನು ನಿನ್ನ ಅಪ್ಪನ ಫೋಟೋ ಮುಂದೆ ಮೇಣದ ಬತ್ತಿ ಹಚ್ಚಿದೆ. ಅವನು ನನ್ನ ಒಡಹುಟ್ಟಿದವನು, ನನ್ನ ಎದೆ ಸುಡುವುದಿಲ್ಲವೇ?

ಆದರೆ ಮಗಳೇ, ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಸೂರ್ಯ ಎಲ್ಲಿತ್ತು, ಬಂದೂಕು ಎಲ್ಲಿತ್ತು ಎಂದು ಅಂಥ ಹೊತ್ತಿನಲ್ಲಿ ಯಾರಿಗೆ ನೆಟ್ಟಗೆ ಕಂಡೀತು? ಸಂಕಟದಲ್ಲಿ ಮನಸ್ಸು ತನಗೆ ಬೇಕಾದ್ದನ್ನು ಕಾಣುತ್ತದೆ. ನೀನು ಸುಳ್ಳು ಹೇಳಿದೆ ಎಂದಲ್ಲ. ಒಂಬತ್ತು ಜನ ಹೋಗಿ ಕಣ್ಣಾರೆ ನೋಡಿ ಬಂದಿದ್ದಾರೆ. ಅವರಿಗೂ ಮಕ್ಕಳು ಮರಿ ಇದ್ದಾರೆ, ಅವರೂ ಪಾಪಕ್ಕೆ ಹೆದರುವವರೇ.

ನೀನು ಇಲ್ಲಿಗೆ ಬಂದುಬಿಡು. ಕರೆಸಿಕೊಳ್ಳುವ ಅರ್ಜಿಯನ್ನು ನಾನೇ ಹಾಕುತ್ತೇನೆ. ಹಿಂದಿನ ಕೋಣೆ ಖಾಲಿ ಇದೆ. ಇಲ್ಲಿ ಕ್ರಿಸ್‌ಮಸ್ಸಿಗೆ ಸೆಕೆ, ಫ್ಯಾನಿನ ಕೆಳಗೆ ಕೂತು ಊಟ ಮಾಡುವುದು. ಮೊದಲು ನಗು ಬರುತ್ತದೆ, ಆಮೇಲೆ ರೂಢಿಯಾಗುತ್ತದೆ. ಎಲ್ಲವೂ ರೂಢಿಯಾಗುತ್ತದೆ.

ನಿನ್ನ
ಅತ್ತೆ


ಹಾಲ್ ಬೊರ್ದಿನ್
12 ಜನವರಿ 1992

ಪ್ರೀತಿಯ ಅತ್ತೆಗೆ,

ಅರ್ಜಿ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ನಾನು ಇನ್ನೂ ಏನನ್ನೂ ನಿರ್ಧರಿಸಿಲ್ಲ. ನನಗೆ ನೆಟ್ಟಗೇ ಕಂಡಿತ್ತು. ಇದನ್ನು ಕೋರ್ಟಿನಲ್ಲಿ ಒಂದು ಸಲ ಹೇಳಿದ್ದೇನೆ, ನಿಮಗೆ ಒಂದು ಸಲ ಹೇಳುತ್ತಿದ್ದೇನೆ. ಮೂರನೆಯ ಸಲ ಹೇಳುವುದಿಲ್ಲ.

ಜ್ಯೂರಿಯಲ್ಲಿ ನಡೆದದ್ದನ್ನು ಹೊರಗೆ ಆಡಬಾರದು ಎಂದು ಕಾನೂನು. ಆದರೆ ನಮ್ಮದು ಎಷ್ಟು ದೊಡ್ಡ ದೇಶ? ಜ್ಯೂರಿಯವರಲ್ಲಿ ಒಬ್ಬ ಮೊಸ್ತಾ ಊರಿನ ಬೇಕರಿಯವನು. ಅವನು ನೀಲಿ ಕ್ಲಬ್ಬಿನ ಬಾರಿನಲ್ಲಿ ಕೂತು, "ನಾವು ಆರು ಜನ ಕಲ್ಲಿನ ಹಾಗೆ ನಿಂತ್ವಿ ಕಣ್ರೋ. ಒಬ್ಬಳು ಹುಡುಗಿ ಅತ್ಲು ಅಂತ ಒಬ್ಬ ಗಂಡಸಿನ ಬಾಳು ಹಾಳು ಮಾಡೋಕಾಗುತ್ತಾ?" ಎಂದನಂತೆ. ನಾನು ಕೋರ್ಟಿನಲ್ಲಿ ಅತ್ತಿರಲಿಲ್ಲ. ಇನ್ನೊಬ್ಬ ಕಸ್ಟಮ್ಸ್‌ನವನು, ಅವನ ಹೆಂಡತಿ ಚೆಟ್ಟಾಳ ನಾದಿನಿಯ ಗೆಳತಿ. ಅವನೂ ಆರರಲ್ಲಿ ಇದ್ದನಂತೆ. ಮೇಷ್ಟ್ರೊಬ್ಬ ತಾನೂ ಆರರಲ್ಲೊಬ್ಬ ಎಂದು ಮದುವೆಯ ಊಟದಲ್ಲಿ ಹೇಳಿಕೊಂಡನಂತೆ. ಜ್ಯೂರಿಯ ಮುಖ್ಯಸ್ಥನಿಗೆ ಸ್ಪಿರು ಮನೆಯ ಮುಂಭಾಗಕ್ಕೆ ಕಲ್ಲು ಕಳಿಸಿದನಂತೆ. ಅವನಂತೂ ಆರು ಜನರ ನಾಯಕ.

ನಾನು ಬೇಕೆಂದು ಹುಡುಕಿದ್ದಲ್ಲ, ಮಾತು ತಾನಾಗಿ ಬಾಗಿಲಿಗೆ ಬರುತ್ತದೆ. ಇದುವರೆಗೆ ಎಂಟು ಜನರ ಮಾತು ಬಂದಿದೆ. ಎಂಟು ಜನವೂ ಆ ಆರರಲ್ಲಿ ಇದ್ದರಂತೆ.

ಬಾಯಿ ಬಿಡದವನು ಒಬ್ಬನೇ. ಜ್ವಾಕಿನ್ ಶೆರ್ರಿ ಎಂದು ಹೆಸರು, ಬಿರ್ಗುವಿನಲ್ಲಿ ಔಷಧಿ ಅಂಗಡಿ ಇದೆ. ವಿಚಾರಣೆಯ ವೇಳೆ ಕೊನೆಯ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದ. ಕ್ಲಬ್ಬಿನವರು ಕರೆದರೂ ಕುಡಿಯಲು ಬರಲಿಲ್ಲವಂತೆ. ಕಳೆದ ಮಂಗಳವಾರ ನಾನು ಬಸ್ಸು ಹತ್ತಿ ಅವನ ಅಂಗಡಿಗೆ ಹೋದೆ. ಕೆಮ್ಮಿನ ಔಷಧಿ ಕೇಳಿದೆ. ಅವನಿಗೆ ನನ್ನ ಗುರುತು ಸಿಕ್ಕಿತು. ಬಾಟಲಿಯನ್ನು ಕಾಗದದಲ್ಲಿ ಸುತ್ತುವಾಗ ಅದು ಅವನ ಕೈಯಲ್ಲಿ ಎರಡು ಸಲ ಬಿಚ್ಚಿಕೊಂಡಿತು. "ಊಟ ಆದ್ಮೇಲೆ ತಗೊಳ್ಳಿ," ಎಂದ. ಅಷ್ಟೇ.

ನನಗೆ ಅಷ್ಟು ಸಾಕಾಯಿತು. ಮೂವರಲ್ಲಿ ಒಬ್ಬ ಸಿಕ್ಕಿದ. ಕೆಮ್ಮೇ ಇಲ್ಲದೆ ಆ ಔಷಧಿಯನ್ನು ಮುಗಿಸಿದೆ.

ಫಿಲೊಮೆನಾ


ಮೆಲ್ಬರ್ನ್
20 ಫೆಬ್ರವರಿ 1992

ನನ್ನ ಫಿಲೊಮೆನಾ,

ತಡವಾಯಿತು, ಕ್ಷಮಿಸು. ಊರಿನಿಂದ ಕ್ಲಬ್ಬಿಗೆ ಅತಿಥಿಗಳು ಬಂದಿದ್ದರು. ನಿನಗೆ ಗೊತ್ತಲ್ಲ, ಯಾರೇ ಬರಲಿ ಅಡುಗೆ ನಮ್ಮ ತಲೆಗೇ. ಸೊಂಟ ಹಿಡಿದುಕೊಂಡಿದೆ.

ಅರ್ಜಿ ಹಾಕಿದ್ದೇನೆ. ನಿನ್ನ ಜನನ ಪತ್ರ ಮತ್ತು ಪೊಲೀಸರಿಂದ ಒಳ್ಳೆಯ ನಡತೆಯ ಪತ್ರ ಬೇಕಂತೆ, ಬೇಗ ಕಳಿಸು. ಇಲ್ಲಿ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆ. ಅಲ್ಲಿಯವರ ಮಾತನ್ನು ಕೇಳಿಸಿಕೊಳ್ಳುತ್ತ ಕೂರಬೇಡ. ಆ ಔಷಧಿ ಅಂಗಡಿಗೂ ಮತ್ತೆ ಹೋಗಬೇಡ, ಯಾರಾದರೂ ಕಂಡರೆ ಇನ್ನೇನೋ ಕಟ್ಟಿಯಾರು. ಮಾವ ಆರೋಗ್ಯವಾಗಿದ್ದಾರೆ. ಹೆಚ್ಚು ಬರೆಯಲು ಏನೂ ಇಲ್ಲ.

ಅತ್ತೆ


ಹಾಲ್ ಬೊರ್ದಿನ್
9 ಮಾರ್ಚ್ 1992

ಅತ್ತೆ,

ನಿನ್ನೆ ಬೀದಿಯಲ್ಲಿ ಬ್ರೆಡ್ಡಿನ ಗಾಡಿಯ ಹತ್ತಿರ ನಿಂತಿದ್ದೆ. ಚೆಟ್ಟಾ ಬಂದಳು.

"ಏನೇ ಫಿಲೊ, ಆಸ್ಟ್ರೇಲಿಯಾಕ್ಕೆ ಹೋಗ್ತೀಯಂತೆ?"

"ಇನ್ನೂ ಗೊತ್ತಿಲ್ಲ."

"ಹೋಗಮ್ಮ ಹೋಗು. ಅಲ್ಲಿ ನಿಮ್ಮವರೆಲ್ಲ ಚೆನ್ನಾಗಿ ನೋಡ್ಕೋತಾರೆ. ಸ್ಪಿರುನೇ ಹೇಳ್ತಿದ್ದ, ಮೆಲ್ಬರ್ನಲ್ಲಿ ಏನು ಮರ್ಯಾದೆ, ಏನು ಊಟ ಅಂತ. ನಿಮ್ಮ ಗ್ರೆಟ್ಸು ಮಾವ ಎದ್ದು ನಿಂತು ಭಾಷಣ ಮಾಡಿದ್ನಂತೆ. ಹಾರ ಹಾಕಿದ್ರಂತೆ."

ಬ್ರೆಡ್ಡಿನವನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಬ್ರೆಡ್ಡು ತೆಗೆದುಕೊಂಡು ಮನೆಗೆ ಬಂದೆ.

ಸ್ಪಿರು ಚಳಿಗಾಲದಲ್ಲಿ ಊರಲ್ಲಿ ಇರಲಿಲ್ಲ ಎಂದು ಗೊತ್ತಿತ್ತು. ಎಲ್ಲಿಗೆ ಹೋಗಿದ್ದಾನೆಂದು ನಾನು ಕೇಳಿರಲಿಲ್ಲ. ಊರಿನಿಂದ ಬಂದ ಅತಿಥಿಗಳು ಎಂದು ಬರೆದಿದ್ದೀರಿ. ಅದು ಅವನೇ? ನೀವು ಆ ಊಟಕ್ಕೆ ಹೋಗಿದ್ದಿರೇ? ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.

ಫಿಲೊಮೆನಾ


ಮೆಲ್ಬರ್ನ್
2 ಏಪ್ರಿಲ್ 1992

ಫಿಲೊಮೆನಾ,

ನೀನು ಪೊಲೀಸರ ಹಾಗೆ ಕೇಳಿದರೆ ನಾನು ಹೇಗೆ ಉತ್ತರಿಸಲಿ? ಹೌದು ಇಲ್ಲ ಎನ್ನಲು ಇದು ಕೋರ್ಟಲ್ಲ.

ಊಟ ನನ್ನದಲ್ಲ, ಕ್ಲಬ್ಬಿನದು. ನಿನ್ನ ಮಾವ ಕಾರ್ಯದರ್ಶಿ. ಅಧ್ಯಕ್ಷ ಊರಿನಿಂದ ಬಂದಾಗ ಕಾರ್ಯದರ್ಶಿ ಮನೆಯಲ್ಲಿ ಕೂರಲಾಗುತ್ತದೆಯೇ? ಮಾತಾಡುವಾಗ ಸಂತನ ಬಗ್ಗೆಯೇ ಹೆಚ್ಚು ಮಾತಾಡಿದರು. ಕೋರ್ಟು ಬಿಟ್ಟ ಮನುಷ್ಯನನ್ನು ಹಿಡಿದುಕೊಳ್ಳಲು ನಾವು ಯಾರು ಎಂದು ಎಲ್ಲರೂ ಹೇಳುತ್ತಿದ್ದರು. ಮತ್ತೆ, ಕಾನೂನು ಅಂದರೆ ಕಾನೂನು ತಾನೇ.

ನಾನು ಮೇಜಿನ ಹತ್ತಿರ ಕಾಲಿಡಲಿಲ್ಲ. ಇಡೀ ಸಂಜೆ ಅಡುಗೆಮನೆಯಲ್ಲಿದ್ದೆ. ಮೊಲದ ಸಾರು ಮಾಡಿದ್ದೆ, ನಮ್ಮ ಅಮ್ಮ ಮಾಡುತ್ತಿದ್ದ ಹಾಗೆ, ವೈನು ಬೆಳ್ಳುಳ್ಳಿ ಹಾಕಿ. ಬೇರೆಯವರಿಗೆ ಅದು ಬರುವುದಿಲ್ಲ, ಮಾಂಸ ನಾರಾಗುತ್ತದೆ. ಊಟವಾದ ಮೇಲೆ ಅವನು ತಾನಾಗಿ ಅಡುಗೆಮನೆಯ ಬಾಗಿಲಿಗೆ ಬಂದ. "ಲುಡ್ಗಾರ್ದಕ್ಕ, ಊರಿನ ರುಚಿ ನೀವು ಮರೆತಿಲ್ಲ," ಎಂದ. ನನ್ನ ಕೈಯೆಲ್ಲ ಸೋಪಿನ ನೊರೆ. ಉಪ್ಪು ಸರಿಯಾಗಿತ್ತಾ ಎಂದು ಕೇಳಿದೆ. ಬೇರೆ ಏನು ಕೇಳಲಿ, ನೀನೇ ಹೇಳು? ಅವನು ಚಾಚಿದ ಕೈಯನ್ನು ನಾನು ಮುಟ್ಟಲಿಲ್ಲ. ನನ್ನ ಕೈ ಒದ್ದೆಯಾಗಿತ್ತು.

ದೂರದಲ್ಲಿದ್ದವರಿಗೆ ಒಬ್ಬರಿಗೊಬ್ಬರು ಬೇಕಾಗುತ್ತದೆ. ಅದು ನಿನಗೆ ಇಲ್ಲಿಗೆ ಬಂದ ಮೇಲೆ ಅರ್ಥವಾದೀತು.

ಅತ್ತೆ


ಹಾಲ್ ಬೊರ್ದಿನ್
21 ಏಪ್ರಿಲ್ 1992

ಅತ್ತೆ,

ಉಪ್ಪಿನ ವಿಷಯ ಓದಿದೆ.

ಇಲ್ಲಿ ಬೇರೆಯೇ ಸಂಗತಿ ನಡೆದಿದೆ. ಕ್ವಾರಿಯ ಇನ್ನೊಂದು ಬದಿಗೆ ಕೋಳಿ ಸಾಕುವ ನರ್ದು ಇದ್ದಾನಲ್ಲ, ಅವನು ಧೂಳಿನ ಬಗ್ಗೆ ಪೊಲೀಸರಿಗೆ ದೂರು ಕೊಟ್ಟ. ಈಸ್ಟರಿಗೆ ಹಿಂದಿನ ಭಾನುವಾರ ನರ್ದು ಚೌಕದ ಬಾರಿಗೆ ಬಂದಿದ್ದ. ಒಳಗೆ ಸ್ಪಿರು ತನ್ನವರೊಂದಿಗೆ ಕೂತಿದ್ದ. ಎಲ್ಲರಿಗೂ ಕೇಳುವಂತೆ ಹೇಳಿದ: "ಏ ನರ್ದು, ಬೆಳವದ ಕಾಲ ಬಂತು ನೋಡು. ನಾನು ಒಂದು ಸಲ ಎಡವಿದ್ದೀನಿ. ಎಡವೋದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತು."

ಮೊದಲು ಕೆಲವರು ನಕ್ಕರಂತೆ. ಆಮೇಲೆ ನರ್ದು ಲೋಟವನ್ನು ಕೆಳಗಿಟ್ಟು ಹೊರಗೆ ಹೋದನಂತೆ. ಆಗ ನಕ್ಕವರೆಲ್ಲ ತಮ್ಮ ತಮ್ಮ ಲೋಟ ನೋಡತೊಡಗಿದರಂತೆ. ಒಬ್ಬ ಪಾದ್ರಿಯೂ ಅಲ್ಲಿದ್ದರು. ಮರುದಿನದ ಹೊತ್ತಿಗೆ ದ್ವೀಪಕ್ಕೆಲ್ಲ ಗೊತ್ತಾಗಿತ್ತು. ಪೊಲೀಸರು ಸ್ಪಿರುವನ್ನು ಕರೆಸಿ ಎಚ್ಚರಿಕೆ ಕೊಟ್ಟು ಕಳಿಸಿದರು, ಬಂದೂಕಿನ ಪರವಾನಗಿ ಕಿತ್ತುಕೊಂಡರು. ಅಪ್ಪನ ವಿಷಯದಲ್ಲಿ ಏನೂ ಮಾಡುವಂತಿಲ್ಲ. ಒಮ್ಮೆ ಬಿಟ್ಟವನನ್ನು ಅದೇ ಕೊಲೆಗೆ ಮತ್ತೆ ಕಟಕಟೆಗೆ ತರಲಾಗುವುದಿಲ್ಲ.

ಅಲ್ಲಿಂದ ಶುರುವಾಯಿತು. ಪವಿತ್ರ ಶನಿವಾರ ಬಾಗಿಲು ಬಡಿದ ಸದ್ದಾಯಿತು. ಮೊಸ್ತಾದ ಬೇಕರಿಯವನು ನಿಂತಿದ್ದ, ಕೈಯಲ್ಲಿ ಈಸ್ಟರಿನ ಫಿಗೊಲ್ಲಾ. ಬಾದಾಮಿ ತುಂಬಿಸಿ, ಮೇಲೆ ಸಕ್ಕರೆ ಬಳಿದು, ಮೀನಿನ ಆಕಾರದಲ್ಲಿ ಮಾಡಿದ್ದು.

"ಮಗಳೇ, ನಾನು ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಕಾನೂನು ನೋಡು. ಆದ್ರೆ ನಿನಗೆ ಗೊತ್ತಾಗ್ಬೇಕು. ಆ ಮೂವರಲ್ಲಿ ನಾನೂ ಒಬ್ಬ."

"ನೀವು ಕಲ್ಲಿನ ಹಾಗೆ ನಿಂತಿದ್ರಿ ಅಂತ ಕೇಳಿದ್ದೆ," ಎಂದೆ.

"ನಿಂತಿದ್ದೆ ಅಲ್ವಾ ಮತ್ತೆ, ನಿನ್ನ ಕಡೆ," ಎಂದ. ಕಣ್ಣು ರೆಪ್ಪೆ ಬಡಿಯಲಿಲ್ಲ. ಕೂತು ಕಾಫಿ ಕುಡಿದು, ನನ್ನ ಅಪ್ಪ ಎಂಥ ಒಳ್ಳೆಯವನು ಎಂದು ಅಪ್ಪನನ್ನು ನೋಡದವನು ನನಗೆ ಹೇಳಿ ಹೋದ.

ಸಂಜೆ ಕಸ್ಟಮ್ಸ್‌ನವನು, ಹೆಂಡತಿಯ ಜೊತೆ. ಅವರ ಫಿಗೊಲ್ಲಾ ಕುರಿಮರಿ. "ಇವರು ಆಗ ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ ಕಣಮ್ಮ, ಜಗಳ ಆಡಿ ಆಡಿ ಗಂಟಲು ಕಟ್ಕೊಂಡಿತ್ತು," ಎಂದು ಹೆಂಡತಿ. ಗಂಡ ವಿನಯದಿಂದ ನೆಲ ನೋಡುತ್ತಿದ್ದ. ಈಸ್ಟರಿನ ದಿನ ಮೇಷ್ಟ್ರು. ಅವರು ಅತ್ತೂಬಿಟ್ಟರು, ನನ್ನ ಕರವಸ್ತ್ರ ತೆಗೆದುಕೊಂಡು. ನಿನ್ನೆ ಜ್ಯೂರಿಯ ಮುಖ್ಯಸ್ಥ, ಆರು ಜನರ ನಾಯಕ, ಸ್ಪಿರುವಿನ ಕಲ್ಲಿನಿಂದ ಮನೆಯ ಮುಂಭಾಗ ಕಟ್ಟಿಸಿಕೊಂಡವನು. "ನಾನು ಓದಿ ಹೇಳಿದ್ದು ಎಲ್ಲರ ತೀರ್ಪು, ನನ್ನ ಮನಸ್ಸಲ್ಲ," ಎಂದ. ಇವತ್ತು ಬೆಳಿಗ್ಗೆ ಇನ್ನೊಬ್ಬ, ಹೆಸರೂ ನೆನಪಿಲ್ಲ.

ಮೂವರಲ್ಲಿ ಇದುವರೆಗೆ ಐವರು ಬಂದು ಹೋಗಿದ್ದಾರೆ.

ಅವರಿಗೆ ನನ್ನಿಂದ ಏನು ಬೇಕು ಎಂದು ಯೋಚಿಸಿದೆ. ನಾನು "ದೇವರು ಒಳ್ಳೇದು ಮಾಡ್ಲಿ" ಎನ್ನಬೇಕು, ಅವರು ಅದನ್ನು ಊರಿಗೆ ಒಯ್ಯಬೇಕು. ಅವರು ತಂದ ಐದು ಫಿಗೊಲ್ಲಾಗಳು ಮೇಜಿನ ಮೇಲಿವೆ. ಸಕ್ಕರೆಯ ವಾಸನೆಗೆ ಕಿಟಕಿ ತೆರೆದಿಟ್ಟಿದ್ದೇನೆ. ನಿಜವಾದ ಇಬ್ಬರು ಈ ಗುಂಪಿನಲ್ಲೇ ಇದ್ದಾರೋ ಏನೋ. ಇದ್ದರೂ ನನಗೆ ಇನ್ನು ಅವರು ಬೇಡವಾಗಿದ್ದಾರೆ. ಇವರೊಂದಿಗೆ ಬೆರೆತು ಅವರಿಗೂ ಇದೇ ವಾಸನೆ ಹತ್ತಿದೆ.

ಬಿರ್ಗುವಿನ ಜ್ವಾಕಿನ್ ಬಂದಿಲ್ಲ. ಬರಬೇಕಾದ ಅಗತ್ಯವೂ ಅವನಿಗಿಲ್ಲ. ಅವನು ಒಬ್ಬನಿದ್ದಾನೆ ಎಂಬುದನ್ನು ಹಿಡಿದುಕೊಂಡು ಈ ವಾರ ಕಳೆದಿದ್ದೇನೆ.

ಫಿಲೊಮೆನಾ


ಮೆಲ್ಬರ್ನ್
11 ಮೇ 1992

ನನ್ನ ಮುದ್ದಿನ ಫಿಲೊಮೆನಾ,

ದೇವರು ದೊಡ್ಡವನು. ಆ ಪಾಪಿಯ ಬಾಯಿಂದಲೇ ಅವನು ಸತ್ಯ ಹೊರಡಿಸಿದ. ಇಲ್ಲಿಯೂ ಎಲ್ಲರಿಗೂ ಗೊತ್ತಾಗಿದೆ. ಕ್ಲಬ್ಬಿನ ಗೋಡೆಯಲ್ಲಿದ್ದ ಅವನ ಫೋಟೋವನ್ನು ನಿನ್ನ ಮಾವನೇ ಸ್ಟೂಲು ಹತ್ತಿ ಇಳಿಸಿದರು. ಮಾವನಿಗೆ ಮೊದಲಿನಿಂದಲೂ ಅವನ ಮೇಲೆ ಅನುಮಾನವಿತ್ತಂತೆ. ಭಾಷಣ ಮಾಡುವಾಗಲೂ ಗಂಟಲಲ್ಲಿ ಏನೋ ಸಿಕ್ಕಿದ ಹಾಗಿತ್ತಂತೆ. ಅದಕ್ಕೇ ಸಂತನ ಬಗ್ಗೆ ಮಾತ್ರ ಮಾತಾಡಿದ್ದು.

ನಾನಂತೂ ಮೊದಲ ದಿನದಿಂದಲೂ ನಿನ್ನನ್ನು ನಂಬಿದ್ದೆ. ನನ್ನ ಅಣ್ಣನ ಮಗಳು ಸುಳ್ಳು ಹೇಳುತ್ತಾಳೆಯೇ? ನಿನಗೂ ಅದು ಗೊತ್ತೇ ಇತ್ತು, ನಾನು ಬಾಯಿ ಬಿಟ್ಟು ಹೇಳಬೇಕಿರಲಿಲ್ಲ. ಆ ದಿನ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದೆ ಎಂದು ಈಗ ಅನಿಸುತ್ತಿದೆ. ಕೈ ತಾನಾಗಿ ಹಾಗೆ ಮಾಡಿರಬೇಕು.

ನಿನ್ನ ಕಾಗದಪತ್ರ ಎಲ್ಲ ಸರಿಯಾಯಿತು. ಜುಲೈ ಮೊದಲ ವಾರಕ್ಕೆ ವಿಮಾನದ ಟಿಕೆಟ್ಟು ತೆಗೆಯುತ್ತೇನೆ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇವೆ. ಕ್ಲಬ್ಬಿನ ಹೆಂಗಸರು ನಿನಗೊಂದು ಊಟ ಇಡಬೇಕು ಎನ್ನುತ್ತಿದ್ದಾರೆ. ಎಲ್ಲರೂ ನಿನ್ನ ಕಡೆಯೇ ಇದ್ದಾರೆ, ಯಾವಾಗಲೂ ಇದ್ದರು. ಬೇಗ ಬಾ.

ನಿನ್ನ ಪ್ರೀತಿಯ
ಅತ್ತೆ


ಹಾಲ್ ಬೊರ್ದಿನ್
31 ಮೇ 1992

ಅತ್ತೆ,

ಕಳೆದ ಭಾನುವಾರ, ಪೂಜೆ ಮುಗಿದ ಮೇಲೆ, ಜ್ವಾಕಿನ್ ಶೆರ್ರಿ ಬಂದ. ಬರಿಗೈಯಲ್ಲಿ ಬಂದಿದ್ದ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅವನು ಬಾಯಿ ತೆರೆಯುವ ಮೊದಲೇ ನಾನೇ ಹೇಳಿಬಿಟ್ಟೆ.

"ಒಳಗೆ ಬನ್ನಿ. ಆ ಮೂವರಲ್ಲಿ ನೀವಿದ್ರಿ ಅಂತ ನನಗೆ ಯಾವತ್ತೋ ಗೊತ್ತು."

ಅವನು ಹೊಸ್ತಿಲಲ್ಲೇ ನಿಂತ. "ಇಲ್ಲಮ್ಮ. ನಾನು ಆರರಲ್ಲಿದ್ದೆ," ಎಂದ.

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅವನು ಕನ್ನಡಕ ತೆಗೆದು ಒರೆಸಲು ಹೋದವನು ಹಾಗೇ ಕೈಯಲ್ಲಿ ಹಿಡಿದುಕೊಂಡ.

"ಬೇರೆಯವರ ವಿಷಯ ಹೇಳೋ ಹಾಗಿಲ್ಲ, ಹೇಳೋದೂ ಇಲ್ಲ. ನನ್ನದು ಮಾತ್ರ ಹೇಳ್ತೀನಿ, ಅದೂ ತಪ್ಪೇ. ನೀವು ಸುಳ್ಳು ಹೇಳ್ತಿದ್ದೀರಿ ಅಂತ ನಾನು ತಿಳ್ಕೊಂಡೆ. ಯಾರೂ ನನಗೆ ಏನೂ ಕೊಟ್ಟಿರಲಿಲ್ಲ. ನವೆಂಬರಲ್ಲಿ ನಮ್ಮನ್ನ ನಿಮ್ಮ ಓಣಿಗೆ ಕರ್ಕೊಂಡು ಹೋದ್ರಲ್ಲ, ನೀವು ನಿಂತಿದ್ದ ಜಾಗದಲ್ಲೇ ನಿಲ್ಲಿಸಿದ್ರು. ಗೋಡೆ ಮೇಲೆ ಒಬ್ಬ ಪೊಲೀಸಿನವನು. ಸೂರ್ಯ ಸೀದಾ ಅವನ ಹಿಂದೆ. ಅವನ ಕೈಯಲ್ಲಿ ಇರೋದು ಬಂದೂಕೋ ಪೊರಕೆಯೋ ನನಗೆ ಕಾಣ್ಲಿಲ್ಲ. ನೀವು ನೋಡಿದ್ರೆ ಸೂರ್ಯ ಎಡಗಡೆ ಇತ್ತು ಅಂದಿದ್ರಿ. ಅಲ್ಲಿಗೆ ನನ್ನ ಪಾಲಿಗೆ ಮುಗೀತು."

ನಾನು ಆ ಕುರ್ಚಿಯನ್ನು ಎಳೆದುಕೊಂಡು ಕೂತೆ. ಅವನು ಮುಂದುವರಿಸಿದ.

"ಬಾರಿನ ಸುದ್ದಿ ಕೇಳಿದ್ಮೇಲೆ ನಿದ್ದೆ ಬರ್ಲಿಲ್ಲ. ನಿಮ್ಮ ಅಪ್ಪ ಸತ್ತದ್ದು ಏಪ್ರಿಲ್ ಕೊನೆಯಲ್ಲಿ. ಈ ಏಪ್ರಿಲ್ ಕೊನೆಗೆ ನನ್ನ ಭಾವಮೈದುನನ್ನ ಕರ್ಕೊಂಡು ಅಲ್ಲಿಗೇ ಹೋದೆ. ಅವನನ್ನ ಗೋಡೆ ಮೇಲೆ ನಿಲ್ಲಿಸಿ ನಾನು ಓಣಿಯಲ್ಲಿ ನಿಂತೆ. ಸೂರ್ಯ ಗುಮ್ಮಟದ ಹಿಂದಿಂದ ಎದ್ದ. ಎಡಗಡೆ. ನನ್ನ ಕಣ್ಣಿಗೆ ಒಂದು ಚೂರೂ ಬೀಳ್ಲಿಲ್ಲ. ಅವನು ಸಿಗರೇಟು ಹಚ್ಕೊಂಡ. ಯಾವ ಕೈಯಲ್ಲಿ ಕಡ್ಡಿ ಗೀರಿದ ಅಂತ ಕೂಡ ಕಾಣ್ತಿತ್ತು."

ಅತ್ತೆ, ಸೂರ್ಯ ಬೇಸಿಗೆಗೆ ಒಂದು ಕಡೆ, ಚಳಿಗಾಲಕ್ಕೆ ಇನ್ನೊಂದು ಕಡೆ ಹುಟ್ಟುತ್ತದೆ ಎಂದು ಈ ಊರಿನಲ್ಲಿ ಬಟ್ಟೆ ಒಣಗಿಸುವ ಎಲ್ಲ ಹೆಂಗಸರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಅವರು ನವೆಂಬರಿನ ಸೂರ್ಯನನ್ನು ನೋಡಿ ಬಂದು ನನ್ನನ್ನು ಸುಳ್ಳುಗಾತಿ ಎಂದುಕೊಂಡರು ಎಂದು ನನಗೆ ಯಾರೂ ಹೇಳಿರಲಿಲ್ಲ. ಇಷ್ಟು ತಿಂಗಳು ಅವರಿಗೆ ಯಾರೋ ತಿನ್ನಿಸಿದರು ಎಂದೇ ತಿಳಿದಿದ್ದೆ.

"ಯಾರೂ ಕೇಳ್ಲಿಲ್ವಾ, ಅವಳು ಹೇಳ್ತಿರೋದು ಯಾವ ತಿಂಗಳಿನ ಮಾತು ಅಂತ?" ಎಂದೆ.

"ಇಲ್ಲ. ಒಂಬತ್ತು ಜನ ನಾವು, ಜಡ್ಜು, ಎರಡೂ ಕಡೆ ವಕೀಲರು. ಎಲ್ಲರೂ ಹಣೆಗೆ ಕೈ ಅಡ್ಡ ಇಟ್ಕೊಂಡು ನಿಂತಿದ್ವಿ. ಚಳಿ ಬೇರೆ. ಬೇಗ ಮುಗಿದ್ರೆ ಸಾಕಾಗಿತ್ತು."

"ಆ ಮೂವರಾದ್ರೂ ನನ್ನನ್ನ ನಂಬಿದ್ರಾ?"

ಅವನು ಕನ್ನಡಕದ ಕಡ್ಡಿಯನ್ನು ಮಡಚಿ ಬಿಚ್ಚಿದ. "ಅದನ್ನ ಹೇಳೋ ಹಾಗಿಲ್ಲಮ್ಮ," ಎಂದ. ಅವರು ನೀಲಿಯವರ ಮೇಲಿನ ಹಗೆಗೆ ಹಾಗೆ ಹೇಳಿದ ಕೆಂಪು ಕ್ಲಬ್ಬಿನವರೋ, ಬೇರೆ ಏನೋ, ನಾನು ಮತ್ತೆ ಕೇಳಲಿಲ್ಲ.

ಅವನನ್ನು ಹೊರಗೆ ಹೋಗು ಎಂದೆ. ಅವನು ಹೋದ. ಬಾಗಿಲು ಹಾಕಿಕೊಂಡು, ಅಪ್ಪ ಸತ್ತ ಮೇಲೆ ಮೊದಲ ಸಲ, ಕಿರುಚಿದೆ. ಉಳಿದವರ ಬಗ್ಗೆ ನನಗೆ ಅಸಹ್ಯ ಮಾತ್ರ, ಒರೆಸಿ ಬಿಸಾಡಬಹುದು. ಇವನು ಒಳ್ಳೆಯವನು. ಲಂಚ ತಿನ್ನದೆ, ಹೆದರದೆ, ತಲೆ ಉಪಯೋಗಿಸಿ, ಸ್ಪಿರುವನ್ನು ಬಿಟ್ಟುಕೊಟ್ಟ. ಇದನ್ನು ಎಲ್ಲಿ ಬಿಸಾಡಲಿ?

ಸಂಜೆ ಚೆಟ್ಟಾಳ ಮನೆಗೆ ಹೋಗಿ ಅವಳೆದುರೇ ಬಿರ್ಗುವಿಗೆ ಫೋನು ಮಾಡಿದೆ. ಮರುದಿನ ಬೆಳಿಗ್ಗೆ ಬರಲು ಹೇಳಿದೆ. ಬಂದ. ಚೆಟ್ಟಾಳನ್ನೂ ಕೈ ಹಿಡಿದು ಎಳೆದುಕೊಂಡು ಹೋದೆ, ನರ್ದುವನ್ನೂ ಕರೆದೆ. ಜ್ವಾಕಿನ್ ಗೋಡೆ ಹತ್ತಿ ಕೈಗಳನ್ನು ಬಂದೂಕಿನ ಹಾಗೆ ಭುಜಕ್ಕೆ ಏರಿಸಿ ನಿಂತ. ಬಿಸಿಲು ಎಡಗಡೆಯಿಂದ ಅವನ ಮುಖದ ಮೇಲೆ ಬಿದ್ದಿತ್ತು. ಅವನ ತುಟಿ ಅದುರುತ್ತಿದ್ದುದೂ ಕಾಣುತ್ತಿತ್ತು. ನರ್ದು ಟೋಪಿ ತೆಗೆದ.

ಚೆಟ್ಟಾ ಗೋಡೆಯನ್ನೂ ಗುಮ್ಮಟವನ್ನೂ ತಿರುತಿರುಗಿ ನೋಡಿದಳು. ಆಮೇಲೆ, "ಅಯ್ಯೋ ಫಿಲೊ, ನನಗಂತೂ ಇದು ಮೊದ್ಲೇ ಗೊತ್ತಿತ್ತು ಕಣೇ," ಎಂದಳು. ಗೋಡೆಯ ಮೇಲಿಂದ ಜ್ವಾಕಿನ್, "ನನಗೆ ಗೊತ್ತಿರಲಿಲ್ಲ," ಎಂದ. ಜೋರಾಗಿ ಹೇಳಿದ, ಕ್ವಾರಿಯ ಕೆಲಸದವರು ತಲೆಯೆತ್ತಿ ನೋಡುವಷ್ಟು ಜೋರಾಗಿ. ಸ್ಪಿರು ಅಲ್ಲಿದ್ದನೋ ಇಲ್ಲವೋ ನಾನು ನೋಡಲಿಲ್ಲ.

ಇದರಿಂದ ಏನೂ ಬದಲಾಗುವುದಿಲ್ಲ. ಜ್ಯೂರಿಯ ಮಾತನ್ನು ಹಾಗೆ ಹೊರಗೆ ಕೂಗಿದ್ದಕ್ಕೆ ಅವನ ಮೇಲೆಯೇ ಮೊಕದ್ದಮೆ ಆದೀತು, ಅದು ಅವನಿಗೆ ಗೊತ್ತು. ನರ್ದು ದೂರನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದಿದ್ದಾನೆ. ಅವನ ಜೊತೆ ನಾನೂ ಸಹಿ ಹಾಕಿದ್ದೇನೆ.

ಟಿಕೆಟ್ಟು ತೆಗೆಯಬೇಡಿ. ಕೋಣೆಗೆ ಬೇರೆ ಯಾರನ್ನಾದರೂ ಇಟ್ಟುಕೊಳ್ಳಿ. ನಾನು ಅಲ್ಲಿಗೆ ಬಂದರೆ ನನ್ನನ್ನು ಯಾವಾಗಲೂ ನಂಬಿದ್ದ ಜನರ ನಡುವೆ ಕೂತು ಊಟ ಮಾಡಬೇಕಾಗುತ್ತದೆ. ಅದು ನನ್ನಿಂದಾಗದು. ಇಲ್ಲಿ ನನ್ನನ್ನು ನಂಬದೆ ಇದ್ದವನು ಒಬ್ಬನಿದ್ದಾನೆ.

ಫಿಲೊಮೆನಾ